ಅನ್ನಮ್ಮನ ಹಬ್ಬಕ್ಕೆ ಜೋಕಿಮಪ್ಪನ ಪಾಲು

ಹೋದ ತಿಂಗಳು ಒಂದು ಭಾನುವಾರ ಚರ್ಚಿನಿಂದ ಬಂದ ಜೋಕಿಮಪ್ಪ ಮುಸಿಮುಸಿ ನಗುತ್ತಿದ್ದ. ನನಗೆ ಆಗಲೇ ಅನುಮಾನ ಬಂತು.

ಜೋಕಿಮಪ್ಪ ನಮ್ಮ ಪಕ್ಕದ ಮನೆಯವನು, ಹುಣಸೂರಿನ ಟಿಂಬರ್ ಡಿಪೋದಲ್ಲಿ ಮೇಸ್ತ್ರಿ. ಹೆಂಡತಿ ಅನ್ನಮ್ಮ, ಬಿಳಿಕೆರೆ ಕಡೆಯವಳು. ಇಬ್ಬರಿಗೂ ಸಂತರ ಹೆಸರು. ಮೇರಿಯಮ್ಮನ ತಾಯಿ ಅನ್ನಮ್ಮ, ತಂದೆ ಜೋಕಿಮ್. (ಯೇಸುವಿನ ಅಜ್ಜಿ, ತಾತ ಅನ್ನಿ.) ಅಜ್ಜಿಯ ಹಬ್ಬ ಜುಲೈನಲ್ಲಿ, ತಾತನದು ಆಗಸ್ಟಿನಲ್ಲಿ.

ಅವರ ಮನೆಯಲ್ಲೊಂದು ಪದ್ಧತಿ. ಯಾರ ಹೆಸರಿನ ಹಬ್ಬವೋ ಅವರು ಆವತ್ತು ಕುರ್ಚಿ ಬಿಟ್ಟು ಏಳುವಂತಿಲ್ಲ. ಇನ್ನೊಬ್ಬರು ಅಡುಗೆ ಮಾಡಿ ಬಡಿಸಬೇಕು. ಆಗಸ್ಟಿನ ಹಬ್ಬದಲ್ಲಿ ಏನು ವಿಶೇಷ? ಜೋಕಿಮಪ್ಪ ದಿನಾ ಕೂತೇ ಉಣ್ಣುವವನು! ಆದರೆ ಜುಲೈನಲ್ಲಿ ಅನ್ನಮ್ಮ ಹೊಸ ಸೀರೆ ಉಟ್ಟು, ಕಾಲ ಮೇಲೆ ಕಾಲು ಹಾಕಿ, ಗಂಡ ಮಾಡಿದ ಸೀದ ಸಾರನ್ನೂ ಪಾಯಸದ ಹಾಗೆ ಉಣ್ಣುತ್ತಿದ್ದಳು. ವರ್ಷಕ್ಕೆ ಅವಳಿಗಿದ್ದ ರಜೆ ಅದೊಂದೇ.

"ಇನ್ಮೇಲೆ ಇಬ್ರುದೂ ಒಂದೇ ದಿನ ಕಣಮ್ಮಿ, ಜುಲೈನಾಗೇ. ರೋಮ್‌ನಲ್ಲಿ ತೀರ್ಮಾನ ಆಗ್ಯದೆ," ಅಂದ ಜೋಕಿಮಪ್ಪ.

"ಅಂಗಾದ್ರೆ ಅಡ್ಗೆ ಯಾರ್ದು?"

"ಹಬ್ಬ ನಂದೂ ಅಲ್ವಾ? ನಾನೆಂಗೆ ಮಾಡ್ಲಿ?"

ನೋಡಿದಿರಾ! ಎರಡು ಹಬ್ಬ ಒಂದಾದಾಗ ಕಳೆದುಹೋಗಿದ್ದು ಯಾರದು? ರೋಮಿನಲ್ಲಿ ಕೂತು ಇದನ್ನು ತೀರ್ಮಾನಿಸಿದವರೆಲ್ಲ ಗಂಡಸರೇ ಅಂತ ಕೇಳಿದ್ದೇನೆ. ಅವರಲ್ಲಿ ಒಬ್ಬರಾದರೂ ಒಲೆ ಊದಿದ್ದರೆ ಈ ಪ್ರಶ್ನೆ ಎತ್ತುತ್ತಿರಲಿಲ್ಲವೇ? (ನಿನ್ನ ಬುದ್ಧಿಯೇ ಕೊಂಕು ಅಂತಾರೆ ನಮ್ಮ ಯಜಮಾನರು. ಇರಲಿ.)

ಅನ್ನಮ್ಮ ಚರ್ಚಿನ ಸ್ವಾಮಿಗಳನ್ನು ಕೇಳಲು ಹೋದಳು. ಜೊತೆಗೆ ನಾನೂ. "ಗಂಡ ಹೆಂಡ್ತಿ ಹಬ್ಬ ಒಟ್ಟಿಗೆ ಬಂದ್ರೆ ಚೆಂದ ಅಲ್ವೇನಮ್ಮ?" ಅಂದರು. ಆಮೇಲೆ ಗೊತ್ತಾಯಿತು, ಆವತ್ತಿನ ಊಟಕ್ಕೆ ಜೋಕಿಮಪ್ಪ ಅವರನ್ನು ಮೊದಲೇ ಕರೆದುಬಿಟ್ಟಿದ್ದ! ಸ್ವಾಮಿಗಳೇ ಮನೆಗೆ ಬಂದರೆ ಅನ್ನಮ್ಮ ಒಲೆ ಹಚ್ಚದೆ ಇರ್ತಾಳಾ ಅನ್ನೋ ಲೆಕ್ಕಾಚಾರ. ಎಂಥ ಖದೀಮ!

ಹಬ್ಬ ಬಂತು. ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಬಂದ ಗಂಡ ಹೆಂಡತಿ ಜಗಲಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತರು. ಒಲೆ ಯಾರೂ ಹಚ್ಚಲಿಲ್ಲ. ನಾನು ಹೂ ಕಟ್ಟುವ ನೆಪದಲ್ಲಿ ನಮ್ಮ ಬಾಗಿಲಲ್ಲೇ ಕೂತಿದ್ದೆ. ಅಷ್ಟರಲ್ಲಿ ಸ್ವಾಮಿಗಳು ಬಂದರು. ಮೂಗರಳಿಸಿ ನೋಡಿದರು, ಒಗ್ಗರಣೆ ವಾಸನೆಯೂ ಇಲ್ಲ. ಜೋಕಿಮಪ್ಪ ಹೆಂಡತಿಯ ಕಡೆ ಕಣ್ಣು ಬಿಟ್ಟ. ಅನ್ನಮ್ಮ ಏಳಲಿಲ್ಲ.

"ತಪ್ಪು ತಿಳ್ಕೋಬೇಡಿ ಸ್ವಾಮಿ," ಅಂದಳು. "ಇವತ್ತು ಈ ಮನೇಲಿ ಹಬ್ಬ ಇಲ್ದೋರು ನೀವೊಬ್ರೇಯ. ಅಕ್ಕಿ ಡಬ್ಬದಲ್ಲಿ ಅದೆ."

ಅಬ್ಬಾ! ಸ್ವಾಮಿಗಳು ನಿಲುವಂಗಿಯ ತೋಳು ಮಡಚಿ, "ಬಾರಪ್ಪ ಜೋಕಿಮ, ಒಲೆ ಹಚ್ಚು," ಅಂದರು. ಅನ್ನಮ್ಮ ಕುರ್ಚಿಯಲ್ಲೇ ಕೂತು ಉಂಡಳು. ನನಗಂತೂ ಕಣ್ಣು ತುಂಬಿ ಬಂತು.

ಮನೆಗೆ ಬಂದ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ಅಂದ ಹಾಗೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಆಫೀಸಿನೋರನ್ನೆಲ್ಲ ಊಟಕ್ಕೆ ಕರೆದಿದ್ದೀನಿ ಕಣೇ," ಅಂದರು.

ಹೆಂಗಸರ ಹಬ್ಬವಂತೆ ಅದು. ಆವತ್ತು ಹೋಳಿಗೆಗೆ ಹೂರಣ ರುಬ್ಬುವ ಗಂಡಸನ್ನು ನೀವು ಯಾವೂರಲ್ಲಾದರೂ ಕಂಡಿದ್ದೀರಾ?