ಎರಡು ಮಿಲಿಮೀಟರ್ ಆವಿ ಕಾಯುವ ಆಬಿಲೋನೆ

ಫೆಬ್ರವರಿಯಲ್ಲಿ ಈ ಊರಿಗೆ ಬೆಳಗಾಗುವುದೇ ಒಂಬತ್ತಕ್ಕೆ. ಕೊಲ್ಲಿಯ ಆಚೆಯ ನೀರ್ಗಲ್ಲ ಗುಡ್ಡಗಳ ನೆತ್ತಿ ಆಗತಾನೆ ಕೆಂಪೇರುತ್ತಿದೆ. ತನಗಿಂತ ಎತ್ತರದ ಬಲೂನನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಆಬಿಲೋನೆ ಷೆಡ್ಡಿನಿಂದ ಹಿಮ್ಮುಖವಾಗಿ ಹೊರಬರುತ್ತಾರೆ. ಗಾಳಿಗೆ ಬೆನ್ನು ಕೊಡದೆ ಬಂದರೆ ಬಲೂನು ಬಾಗಿಲಿಗೆ ಉಜ್ಜಿ ಹರಿಯುತ್ತದೆ. ಚಳಿ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿದೆ. ಬಲೂನಿಗೆ ಉದ್ದನೆಯ ದಾರ, ದಾರದ ತುದಿಗೆ ಅಂಗೈಯಗಲದ ಬಿಳಿ ಪೆಟ್ಟಿಗೆ. ಗಾಳಿ ಒಂದು ಕ್ಷಣ ಉಸಿರು ಹಿಡಿದದ್ದನ್ನು ನೋಡಿ, "ಹೋಗು ಮರಿ, ಸರಿಯಾಗಿ ನೋಡ್ಕೊಂಡು ಹೇಳು" ಎಂದು ಬಿಟ್ಟುಬಿಡುತ್ತಾರೆ.

ಬಲೂನು ಮೇಲೇರಿದಷ್ಟೂ ಪೆಟ್ಟಿಗೆ ಅಲ್ಲಲ್ಲಿನ ಶಾಖ, ಒತ್ತಡ, ನೀರಾವಿ ಎಷ್ಟೆಂದು ಕೆಳಗೆ ಸುದ್ದಿ ಕಳಿಸುತ್ತಾ ಹೋಗುತ್ತದೆ. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಬಲೂನು ಒಡೆದು ಅದರ ಆಯಸ್ಸು ಮುಗಿಯುತ್ತದೆ. ಪೂರ್ವ ಗ್ರೀನ್‌ಲ್ಯಾಂಡಿನ ಮುನ್ನೂರು ಜನರ ಈ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಬೆಳಗಿನ ಬಲೂನು ಇವರದೇ. ಸಂಖ್ಯೆ ಒಂಬತ್ತು ಸಾವಿರ ದಾಟಿದೆ.

ಐವತ್ತೆಂಟರ ಆಬಿಲೋನೆ ಮೊದಲು ಶಾಲೆಯ ನೆಲ ಒರೆಸುತ್ತಿದ್ದರು. ಬಲೂನಿನವನೊಬ್ಬ ಚಳಿ ತಡೆಯಲಾರದೆ ಕೆಲಸ ಬಿಟ್ಟು ಹೋದಾಗ, ಇನ್ನೊಬ್ಬ ಸಿಗುವವರೆಗೆ ಎರಡು ವಾರ ನೋಡಿಕೋ ಎಂದಿದ್ದರಂತೆ. ಆ ಎರಡು ವಾರ ಇನ್ನೂ ಮುಗಿದಿಲ್ಲ. ಕೈಗವಸು ಹಾಕಿಕೊಂಡು ಗಂಟು ಬಿಗಿಯಲು ಆಗದು. ಹಾಗಾಗಿ ಬಲಗೈಯ ಎರಡು ಬೆರಳುಗಳ ತುದಿಗಳು ಚಳಿಯ ಪಾಲಾಗಿವೆ. ಹಿಮಕರಡಿ ಬಂದೀತೆಂದು ಬಾಗಿಲ ಬಳಿ ಕೋವಿ ಸದಾ ಸಿದ್ಧ. ಮಗಳ ಮದುವೆಯ ದಿನವೂ ಮಣಿಯ ಕೊರಳಪಟ್ಟಿ, ಸೀಲ್ ಚರ್ಮದ ಬಿಳಿ ಬೂಟು ತೊಟ್ಟು ಇಲ್ಲಿಗೆ ಬಂದು, ಬಲೂನು ಬಿಟ್ಟೇ ಇಗರ್ಜಿಗೆ ಹೋದವರು ಇವರು.

ಈ ಸೀಮೆಯ ಚಳಿಗಾಲದ ಆಕಾಶ ಮಹಾ ಜಿಪುಣ. ನೆತ್ತಿಯ ಮೇಲಿನ ಆವಿಯನ್ನೆಲ್ಲ ಹಿಂಡಿ ನೀರು ಮಾಡಿದರೂ ನೆಲದ ಮೇಲೆ ನಿಲ್ಲುವುದು ಎರಡು ಮಿಲಿಮೀಟರ್. ಅದನ್ನು ಅಳೆಯಲು ನಾಲ್ಕು ವರ್ಷಗಳ ಹಿಂದೆ ಷೆಡ್ಡಿನ ಮಾಡಿನ ಮೇಲೆ ಇನ್ನೆರಡು ಉಪಕರಣಗಳು ಬಂದವು. ಒಂದು, ಆವಿ ಸೂಸುವ ಕ್ಷೀಣ ಕಿರಣಗಳನ್ನು ಹಿಡಿಯುವ ಪೆಟ್ಟಿಗೆ. ಇನ್ನೊಂದು, ಉಪಗ್ರಹದ ಸಂಕೇತ ಆವಿಯಲ್ಲಿ ಸಿಕ್ಕಿ ಎಷ್ಟು ತಡವಾಯಿತೆಂದು ನೋಡುವ ಕಂಬ. ಎರಡಕ್ಕೂ ಸಂಬಳವಿಲ್ಲ, ಚಳಿಯಿಲ್ಲ, ಮಗಳ ಮದುವೆಯಿಲ್ಲ.

ಕಳೆದ ವರ್ಷ ಡೆನ್ಮಾರ್ಕಿನಿಂದ ಸೀಗ್ನೆ ಎಂಬ ಸಂಶೋಧಕಿ ಬಂದು ಮೂರರ ಅಳತೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮಾಡಿನ ಮೇಲಿನವೆರಡೂ ಒಂದೇ ಮಾತು ಹೇಳುತ್ತಿದ್ದವು. ಬಲೂನು ಮಾತ್ರ ಕೆಲವು ದಿನ, ಅದೂ ನೆಲಕ್ಕೆ ಹತ್ತಿರದ ಕೆಲವು ನೂರು ಮೀಟರಿನಲ್ಲಿ, ಇಲ್ಲದ ಆವಿಯನ್ನು ತೋರಿಸಿತ್ತು. ಯಾವ ದಿನ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂದು ಯಾರಿಗೂ ತಿಳಿಯಲಿಲ್ಲ. ನಂಬಲಾಗದ ಬಲೂನು ಯಾಕೆ, ವಸಂತಕ್ಕೆ ನಿಲ್ಲಿಸಿಬಿಡೋಣ ಎಂಬ ಮಾತು ಮೇಲಿನ ಕಚೇರಿಯಲ್ಲಿ ಹುಟ್ಟಿತು. ಆ ರಾತ್ರಿ ಆಬಿಲೋನೆಗೆ ಊಟ ಸೇರಲಿಲ್ಲ. ಕೆಲಸ ಹೋಗುವುದು ಒಂದು ಕಡೆ. ಇಷ್ಟು ವರ್ಷ ತಾನು ಬರೆದದ್ದೆಲ್ಲ ಸುಳ್ಳೇ ಎಂಬುದು ಅವರನ್ನು ಹೆಚ್ಚು ಕೊರೆಯಿತು.

ಸೀಗ್ನೆ ಕೊಟ್ಟ ತಪ್ಪು ದಿನಗಳ ಪಟ್ಟಿಯನ್ನು ಹಿಡಿದು ಷೆಡ್ಡಿನಲ್ಲಿ ಕೂತಿದ್ದಾಗ ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಬೇಟೆಗಾರರು ಸೀಲ್ ಮಾಂಸದ ಪಾಲು ಕೊಟ್ಟ ದಿನ ಕೊಟ್ಟವರ ಹೆಸರನ್ನು ಅದರಲ್ಲಿ ಬರೆದಿಡುವುದು ಆಬಿಲೋನೆಯ ಪದ್ಧತಿ. ಹೆಪ್ಪುಗಟ್ಟಿದ ಕಡಲಿನಂಚಿನಲ್ಲಿದ್ದ ಬೇಟೆಗಾರರ ಗುಡಿಸಲು ಅದಕ್ಕೂ ಏಳು ವರ್ಷ ಮೊದಲು ಬಿರುಗಾಳಿಗೆ ಹಾರಿಹೋದ ಮೇಲೆ, ಬೇಟೆಯಿಂದ ಬರುವವರಿಗೆ ಮೊದಲು ಸಿಗುವ ಬೆಚ್ಚಗಿನ ಬಾಗಿಲು ಈ ಷೆಡ್ಡಿನದು. ಅಂಥ ದಿನ ಬೆಳಗ್ಗೆಯೇ ಅವರು ತಂದ ಮಾಂಸಕ್ಕೆ ಆಬಿಲೋನೆ ಇಲ್ಲೇ ಈರುಳ್ಳಿ, ಒಂದು ಹಿಡಿ ಅಕ್ಕಿ ಹಾಕಿ ಎಲ್ಲರಿಗೂ ಸುವಾಸಾತ್ ಎಂಬ ಸಾರಿಗಿಡುತ್ತಿದ್ದರು. ಪಕ್ಕದ ಮೇಜಿನ ಮೇಲೆ ಬಲೂನಿನ ಪೆಟ್ಟಿಗೆ ಬಾಯ್ತೆರೆದು ಕೂತಿರುತ್ತಿತ್ತು. ಸಾರಿನ ಹಬೆಯನ್ನು ಮೈಗೆ ಮೆತ್ತಿಕೊಂಡೇ ಅದು ಆಕಾಶಕ್ಕೆ ಹೋಗುತ್ತಿತ್ತು.

ಪಟ್ಟಿಯ ದಿನಗಳೂ ಕ್ಯಾಲೆಂಡರಿನ ಹೆಸರುಗಳೂ ಒಂದೊಂದಾಗಿ ತಾಳೆಯಾದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಆಬಿಲೋನೆ ಕಾಯಿಯನ್ನೇ ಹೊತ್ತು ತಂದು ಸೀಗ್ನೆಯ ಮುಂದಿಟ್ಟರು. ಮನೆಯಲ್ಲಿದ್ದ ಹಳೆಯ ಕ್ಯಾಲೆಂಡರುಗಳನ್ನೂ ತಂದರು. ಏಳು ಚಳಿಗಾಲಗಳಲ್ಲಿ ಒಟ್ಟು ನೂರ ಎಂಬತ್ತೇಳು ದಿನ.

ಅಕ್ಕನ ಮಗ, ಬೇಟೆಗಾರ ಎನೊಸ್‌ಗೆ ಇದು ಶುದ್ಧ ದಡ್ಡತನವಾಗಿ ಕಂಡಿತು. "ಏನ್ ಚಿಕ್ಕಮ್ಮ, ಸುಮ್ನೆ ಇದ್ದಿದ್ರೆ ಬಲೂನೇ ಸರಿ ಇಲ್ಲ ಅಂತ ಹೋಗ್ತಿತ್ತು. ಈಗ ನೀನೇ ಸರಿ ಇಲ್ಲ ಅಂತಾರೆ ನೋಡು."

"ಬಲೂನು ಸುಳ್ಳು ಹೇಳ್ತು ಅಂತ ಬರ್ಕೊಳೋದಕ್ಕೆ ಬಿಡ್ಲಾ? ಅದು ಪಾಪ ಏನ್ ಮಾಡ್ತು? ಸುಳ್ಳು ಹೇಳಿದ್ದು ನನ್ ಪಾತ್ರೆ ಕಣೋ" ಎಂದರು ಚಿಕ್ಕಮ್ಮ.

ಆ ದಿನಗಳನ್ನು ಬಿಟ್ಟು ನೋಡಿದರೆ ಮೂರೂ ಅಳತೆಗಳು ಚೆನ್ನಾಗಿಯೇ ಹೊಂದಿದವು. ಮಾಡಿನ ಮೇಲಿನವು ಒಟ್ಟು ಆವಿ ಎಷ್ಟೆಂದು ಹೇಳಬಲ್ಲವು; ಯಾವ ಎತ್ತರದಲ್ಲಿ ಎಷ್ಟು ಎಂದು ಬಲೂನಿನಷ್ಟು ಬಿಡಿಸಿ ಹೇಳಲಾರವು ಎಂದು ಸೀಗ್ನೆ ಬರೆದರು. ಬಲೂನು ಉಳಿಯಿತು, ಆಬಿಲೋನೆಯ ಕೆಲಸವೂ ಉಳಿಯಿತು. ಪೆಟ್ಟಿಗೆಯನ್ನು ಈಗ ಹಾರಿಸುವ ಮೊದಲು ಹೊರಗಿನ ಒಣಗಾಳಿಯಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಪಾತ್ರೆ ಇವರ ಮನೆಯ ಅಡುಗೆಮನೆಗೆ ಹೋಗಿದೆ. ಇನ್ನೂರು ಹೆಜ್ಜೆ ಜಾಸ್ತಿ ನಡೆಯಬೇಕೆಂದು ಎನೊಸ್ ಗೊಣಗುತ್ತಾನೆ, ನಡೆಯುತ್ತಾನೆ.

ದಾಖಲೆ ಪುಸ್ತಕಗಳಲ್ಲಿ ಆ ನೂರ ಎಂಬತ್ತೇಳು ಸಾಲುಗಳ ಮೇಲೆ ಕೆಂಪು ಗೆರೆಗಳಿವೆ. ಬೇರೆಯವರು ಎಳೆಯಲು ಬಂದಾಗ ಒಪ್ಪದೆ ಮೂರು ದಿನ ಕೂತು ತಾವೇ ಎಳೆದರಂತೆ. ಸ್ವಂತ ಕೈಬರಹವನ್ನು ಹೊಡೆದು ಹಾಕುವಾಗ ಸಂಕಟವಾಗಲಿಲ್ಲವೇ ಎಂದು ಕೇಳಿದರೆ, ಮೊಂಡು ಬೆರಳಿಂದ ಒಂದು ಗೆರೆಯನ್ನು ಸವರುತ್ತಾರೆ.

"ಸಂಕಟ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಗೆರೆ ಇಲ್ದಿರೋ ದಿನಾನ ಇನ್ ಮೇಲೆ ಯಾರ್ ಬೇಕಾದ್ರೂ ನಂಬ್ಕೊಂಡು ಹೋಗ್ಬಹುದು" ಎನ್ನುತ್ತಾರೆ. ಆಮೇಲೆ ಪುಸ್ತಕ ಮುಚ್ಚುತ್ತಾ, "ಗೆರೆ ಇರೋ ದಿನ ಯಾರೂ ಹಸ್ಕೊಂಡು ಮನೆಗೆ ಹೋಗಿಲ್ಲ."