ಕೊಡುಗೈ ದಾನಿ ಬರುವ ತನಕ

ಮೊನ್ನೆ ಮದ್ದೂರಿನಲ್ಲಿ ನಾನೊಂದು ಭಾಷಣ ಮಾಡಿದೆ. ಭಾರೀ ಚಪ್ಪಾಳೆ ಬಿತ್ತು. ಆವತ್ತಿನಿಂದ ಊಟ ಸೇರುತ್ತಿಲ್ಲ.

ಗಂಜಿ ಕೇಂದ್ರದ ಪ್ರಾರಂಭೋತ್ಸವ. (ಯುದ್ಧ ಬಂದ ಮೇಲೆ ಗಂಜಿಗೂ ಉತ್ಸವ!) ಅಕ್ಕಿ ಕೊಟ್ಟವರು ಮಂಡ್ಯದ ಸಾಹುಕಾರರು. ಅವರನ್ನು ಹೊಗಳಲು ಕರೆದದ್ದು ನನ್ನನ್ನು. 'ಕೊಡುಗೈ ದಾನಿ' ಎಂಬ ಮಾತನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ.

ಹೋದಾಗ ಕೊಪ್ಪರಿಗೆಯಲ್ಲಿ ಗಂಜಿ ಬೆಂದು ಇಳಿದಿತ್ತು. ಮುಂದೆ ಸಾಲಾಗಿ ಗಡಿಗೆ, ತಂಬಿಗೆ, ಬಾಯಿ ಒಡೆದ ಕುಡಿಕೆ. ಜನ ಮರದ ನೆರಳಿನಲ್ಲಿದ್ದರು. ಪಾತ್ರೆ ಇಟ್ಟರೆ ಸರದಿ ಇದ್ದ ಹಾಗೆ; ಅದನ್ನು ಯಾರೂ ಸರಿಸುವುದಿಲ್ಲ.

ಮೊದಲ ಗಡಿಗೆ ಹೊಳೆಯಾಚೆಯ ಕೆಂಪಮ್ಮನದು. "ಮಗಳು ಬಾಣಂತಿ ಕಣ್ ಸ್ವಾಮಿ. ನೆನ್ನೆಯಿಂದ ಒಟ್ಟೆಗೇನೂ ಬಿದ್ದಿಲ್ಲ. ಮೊಲೇಲಿ ಆಲಿಲ್ಲ, ಕೂಸು ಅಳೋದ್ನೂ ಬುಟ್ಬುಟ್ಟದೆ. ಒಂದ್ ಸೌಟು ಉಯ್ಯಿ, ಓಯ್ತೀನಿ" ಎಂದು ಕಮಿಟಿಯ ಯಜಮಾನರಿಗೆ ಕೈಮುಗಿದಳು.

"ದಾನಿಗಳು ಬಂದು ಮೊದ್ಲ ಸೌಟು ಹಾಕ್ಬೇಕು ಕಣಮ್ಮ. ಅದಕ್ಮುಂಚೆ ಮುಟ್ಟಂಗಿಲ್ಲ."

ಕೊಪ್ಪರಿಗೆಗೆ ಪುಕ್ಕಟೆ ಕಲಾಯಿ ಹಾಕಿಕೊಟ್ಟಿದ್ದ ಸಾಬರು ರೇಗಿದರು: "ಬಾಣಂತಿಗೆ ಕೊಟ್ರೆ ಅವ್ರ ಪುಣ್ಯ ಏನ್ ಕಮ್ಮಿ ಆಗೋಯ್ತದಾ?" ಅವರನ್ನು ದಾನಿ ಎಂದು ಯಾರೂ ಕರೆದಿರಲಿಲ್ಲವಲ್ಲ, ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ನಾನೋ, ಭಾಷಣಕ್ಕೆಂದು ಗಂಟಲು ಉಳಿಸಿಕೊಂಡಿದ್ದೆ.

ಪೆಟ್ರೋಲ್ ಸಿಗದ ಕಾಲ; ಸಾಹುಕಾರರ ಕಾರು ಇದ್ದಿಲಿನ ಗ್ಯಾಸಿನಲ್ಲಿ ಓಡುವಂಥದು. ದಾರಿಯಲ್ಲೇ ಕೂತಿತ್ತಂತೆ. ಹೊತ್ತು ನೆತ್ತಿಗೇರಿತು, ಇಳಿಯಿತು. ಅಷ್ಟರಲ್ಲಿ ಕೆಂಪಮ್ಮನ ನೆರೆಮನೆಯವಳು ಓಡಿಬಂದಳು.

"ಬಾ ಕೆಂಪಕ್ಕ, ಕೂಸು..." ಕೆಂಪಮ್ಮ ಎದೆ ಬಡಿದುಕೊಂಡು ಓಡಿದಳು. ಗಡಿಗೆ ಸಾಲಿನಲ್ಲೇ ಉಳಿಯಿತು.

ಕೊನೆಗೂ ಸಾಹುಕಾರರು ಬಂದರು. ಹಾರ ಬಿತ್ತು. ನಾನು 'ಕೊಡುಗೈ ದಾನಿ' ಎಂದೆ. (ಒಂದು ಸಲವಲ್ಲ.) ಅವರು ಮೊದಲ ಸೌಟನ್ನು ಮೊದಲ ಗಡಿಗೆಗೆ ಸುರಿದರು. ಗಡಿಗೆ ಯಾರದೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಳ್ಳೆಯವರೇ ಪಾಪ, ನಗುತ್ತಿದ್ದರು.

ಕೊಟ್ಟವನು ದಾನಿ, ಸರಿ. ಬೆಂದ ಗಂಜಿಯನ್ನು ಹಾರಕ್ಕಾಗಿ ಕಾಯಿಸಿದ ನಮಗೆ ಏನೆನ್ನುತ್ತೀರಿ? ನನಗೆ ಆ ಪದದ ಮೇಲೆ ನಂಬಿಕೆ ಹೋಗಿದೆ. ನಮ್ಮ ಮೇಲೂ ಹೋಗಿದೆ. ಮಳವಳ್ಳಿಯಲ್ಲೂ ಗಂಜಿ ಕೇಂದ್ರ ತೆರೆಯುತ್ತಾರಂತೆ. ಭಾಷಣಕ್ಕೆ ಮತ್ತೆ ನನಗೇ ಕರೆ. ಅಲ್ಲಿಯೂ ಮೊದಲ ಸೌಟಿಗೆ ದಾನಿಗಳೇ ಬರಬೇಕಂತೆ.

ಆವತ್ತು ಸಂಜೆ ಎಲ್ಲರೂ ಹೋದ ಮೇಲೆ ಸಾಲಿನಲ್ಲಿ ಒಂದೇ ಗಡಿಗೆ ಇತ್ತು. ಗಂಜಿ ಆರಿ ಕೆನೆಗಟ್ಟಿತ್ತು.

ಯಾವ ಮುಖ ಹೊತ್ತುಕೊಂಡು ಅದನ್ನು ಆ ಮನೆಗೆ ಒಯ್ಯಲಿ, ಹೇಳಿ?