ತೊಟ್ಟಿಗೆ ಬಿದ್ದ ಗೋಡೆ

ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಅಲ್ಲಿ ಹೊಳೆಗೆ ಗೋಡೆ ಎದ್ದರೆ, ನಾಗಮಂಗಲದ ಕಡೆಯ ನಮ್ಮ ಮನೆಯ ಗಂಡಸರು ನಡುವಿನ ತೆರೆದ ಅಂಗಳಕ್ಕೆ, ತೊಟ್ಟಿಗೇ ಅಡ್ಡಗೋಡೆ ಎಬ್ಬಿಸಿದರು. ನಮ್ಮ ಯಜಮಾನರಿಗೂ ಅವರಣ್ಣನಿಗೂ ಪಾಲಾಗಿತ್ತು. ಎತ್ತು, ನೇಗಿಲು, ಒನಕೆ ಎಲ್ಲ ಹಂಚಿಕೊಂಡರು. ತೊಟ್ಟಿಯ ಮೂಲೆಯಲ್ಲಿ ಹೂತಿದ್ದ, ಮಳೆನೀರು ತುಂಬಿಡುವ ಕಲ್ಲುಬಾನಿ ಮಾತ್ರ ಅಲುಗಾಡುವಂತಿರಲಿಲ್ಲ. ಅದು ಭಾವನ ಕಡೆಗೆ ಬಿತ್ತು.

ನಾನು ಶ್ರೀರಂಗಪಟ್ಟಣದಲ್ಲಿ ಹೊಳೆ ನೀರು ಕುಡಿದು ಬೆಳೆದವಳು. ಬಾನಿಯ ಬೆಲೆ ಗೊತ್ತಾದದ್ದು ಮದುವೆಯಾದ ಮೇಲೆ. ಊರ ಬಾವಿಯ ನೀರು ಸವುಳು. ಅದರಲ್ಲಿ ತೊಗರಿಬೇಳೆಯನ್ನು ಎಷ್ಟು ಕುದಿಸಿದರೂ ಕಲ್ಲಿನ ಹಾಗೇ ಇರುತ್ತಿತ್ತು. ಮಳೆನೀರಿಗೆ ಹಾಕಿದರೆ ಬೆಣ್ಣೆ. ಅದಕ್ಕೇ ಸೂರಿನುದ್ದಕ್ಕೂ ಸೀಳಿದ ಬಿದಿರು ಕಟ್ಟಿ, ಹೆಂಚಿನ ನೀರೆಲ್ಲ ಬಾನಿಗೆ ಇಳಿಯುವಂತೆ ಮಾಡಿದ್ದರು. ಮೊದಲ ಮಳೆಯನ್ನು ಹೆಂಚು ತೊಳೆಯಲು ಬಿಟ್ಟು, ಆಮೇಲೆ ಬಾನಿಯ ಬಾಯಿಗೆ ಬಿಳಿ ಪಂಚೆ ಕಟ್ಟುತ್ತಿದ್ದೆವು.

ಗೋಡೆ ಎದ್ದ ಮೇಲೆ ಯಜಮಾನರಿಗೆ ಹೊಟ್ಟೆಯುರಿ ಶುರುವಾಯಿತು.

"ನಮ್ ಸೂರಿನ ನೀರು ಅವ್ರ ಬಾನಿಗ್ಯಾಕೆ ಓಗ್ಬೇಕು?" ಅಂತ ಗೋಡೆಯ ಮೇಲೆ ಹಾದ ಬಿದಿರನ್ನು ಒಂದು ಮೊಳ ಕತ್ತರಿಸಿ, ತುಂಡನ್ನು ಒಲೆಗೆ ಹಾಕು ಎಂದರು. ನಾನು ಅಟ್ಟಕ್ಕೆ ಎಸೆದೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅವತ್ತು ಮುದ್ದೆಯನ್ನು ಅವರ ತಟ್ಟೆಗೆ ಕುಕ್ಕಿ ಎದ್ದು ಹೋದೆ.

ಮಳೆ ಬಂದರೆ ನಮ್ಮ ಎರಡು ಕೊಡ ಗಳಿಗೆಯಲ್ಲಿ ತುಂಬಿ, ಮಿಕ್ಕದ್ದು ಬಚ್ಚಲ ಪಾಲು. ಆಚೆಯ ಬಾನಿ ಅರ್ಧವೂ ತುಂಬದೆ ಬೇಗ ಬರಿದಾಗುತ್ತಿತ್ತು. ಎರಡು ಮನೆಗೂ ಸವುಳು ನೀರೇ ಗತಿಯಾಯಿತು. ಅದರ ಏಟು ಬಿದ್ದದ್ದು ಅತ್ತೆಗೆ. ಅವರ ಬಾಯಲ್ಲಿ ಒಂದೂ ಹಲ್ಲಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಒಬ್ಬ ಮಗನ ಮನೆಯಲ್ಲಿ ಊಟ, ಆಮೇಲೆ ಚಾಪೆ ಸುತ್ತಿಕೊಂಡು ಬೀದಿ ಬಳಸಿ ಇನ್ನೊಬ್ಬನ ಮನೆಗೆ. ಎರಡು ಕಡೆಯೂ ಬೇಳೆ ಬೇಯದು. ಮುದ್ದೆಯನ್ನು ಬರೀ ಸಾರಿನ ತಿಳಿಯಲ್ಲಿ ಅದ್ದಿ ನುಂಗಿ, "ಸಾಕು ಕಣವ್ವಾ" ಎಂದು ಎದ್ದುಬಿಡುತ್ತಿದ್ದರು. ಕೆನ್ನೆ ಗುಳಿಬೀಳುತ್ತಾ ಬಂತು. ಈ ವರ್ಷ ದಾಟುತ್ತಾರೋ ಇಲ್ಲವೋ ಎಂದು ನನಗೆ ಭಯವಾಯಿತು.

ಮಳೆಗಾಲ ಮುಗಿಯುವ ಹೊತ್ತಿನ ಚಿತ್ತೆ ಮಳೆ ಒಂದು ಸಂಜೆ ಸುರಿಯತೊಡಗಿತು. ಇದು ಕೈಬಿಟ್ಟರೆ ಬೇಸಿಗೆಯವರೆಗೆ ಇಂಥ ದೊಡ್ಡ ಮಳೆ ಇನ್ನೊಂದಿಲ್ಲ. ಕಣ್ಣೆದುರೇ ನೀರು ಬಚ್ಚಲಿಗೆ ಓಡುವುದನ್ನು ನೋಡಲಾರದೆ ಅಟ್ಟದಿಂದ ಆ ತುಂಡನ್ನು ಎಳೆದುಕೊಂಡು ಒರಳುಕಲ್ಲು ಹತ್ತಿದೆ. ಒಂದು ತುದಿಯನ್ನು ನಮ್ಮ ಬಿದಿರಿಗೆ ಒತ್ತಿ ಹಿಡಿದೆ. ಇನ್ನೊಂದು ಜಾರುತ್ತಿತ್ತು. ಗೋಡೆಯಾಚೆಯಿಂದ ಹಸಿರು ಬಳೆಯ ಕೈಯೊಂದು ಎದ್ದು ಅದನ್ನು ಹಿಡಿಯಿತು. ಪಾಲಾದಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದ ಓರಗಿತ್ತಿ.

"ಅಂಗೇ ಇಡ್ಕಳೇ, ಬುಟ್ಬುಟ್ಟೀಯ!"

"ನೀನೂ ಬುಡಬ್ಯಾಡ ಕಣಕ್ಕಾ!"

ತೋಳು ಸೆಳೆಯುತ್ತಿತ್ತು, ಮಳೆನೀರು ಬೆನ್ನ ಮೇಲೆ ಇಳಿಯುತ್ತಿತ್ತು, ನನಗೆ ಅಳು ಬಂತು. ಅಕ್ಕ ಮಾತಾಡಿದ ಖುಷಿಗೆ. ಯಜಮಾನರು ಜಗಲಿಯಿಂದ, "ಏನಮ್ಮೀ ಇದು?" ಎಂದರು.

"ನಿಮ್ಮವ್ವಂಗೆ ಬೇಳೆ ಬೇಯಿಸ್ತಾವ್ನಿ!" ಎಂದು ಕಿರುಚಿದೆ.

ಅವರು ಹಗ್ಗ ತಂದು ಈ ತುದಿ ಕಟ್ಟಿದರು. ಆ ತುದಿಯನ್ನು ಭಾವ ಕಟ್ಟಿದರು.

ಬಾನಿ ತುಂಬಿತು. ನೀರು ಈಚೆಗೆ ಕೊಡಲು ಗೋಡೆಯಲ್ಲಿ ಕೊಡ ತೂರುವಷ್ಟು ಕಂಡಿ ಒಡೆದರು. ಅತ್ತೆ ಎರಡನೆಯ ಮುದ್ದೆ ಕೇಳಿದರು. ಕಂಡಿಯ ಮಣ್ಣು ತಾನೇ ಉದುರಿತೋ, ನಾವಿಬ್ಬರು ಉದುರಿಸಿದೆವೋ, ಸಂಕ್ರಾಂತಿಯ ಹೊತ್ತಿಗೆ ಚೆನ್ನಾಗಿ ಅಗಲವಾಗಿತ್ತು. ಅದಾದ ಅಮಾವಾಸ್ಯೆಗೆ ಅತ್ತೆ ಚಾಪೆ ಸುತ್ತಲಿಲ್ಲ. ತಟ್ಟೆ ಹಿಡಿದು ಬಗ್ಗಿ ಕಂಡಿ ದಾಟಿ, ಬೇಳೆ ಯಾರ ಒಲೆಯಲ್ಲಿ ಮೊದಲು ಬೆಂದಿತ್ತೋ ಅಲ್ಲಿ ಕೂತರು.